ಇಸ್ಲಾಮಿನ ನರಕ ಇರುವುದು ಬರೀ ಹೆದರಿಸುವುದಕ್ಕೇ?

ನೀವು ಕೇಳಿದ್ದು ಮೂರು ಸಂಗತಿ: ಕುರ್‌ಆನ್‌ನಲ್ಲಿ ನರಕದ ವರ್ಣನೆ ಇಷ್ಟು ಘೋರವಾಗಿ ಏಕಿದೆ, ಬೆಂಕಿಗೆ ಹೆದರಿ ಒಳ್ಳೆಯವನಾದರೆ ಅದು ಒಳ್ಳೆಯತನವೇ, ಮತ್ತು ‘ನಿನಗೆ ನರಕವೇ ಗತಿ’ ಎಂದ ನಿಮ್ಮ ಸಹೋದ್ಯೋಗಿಯ ಮಾತನ್ನು ಹೇಗೆ ತೆಗೆದುಕೊಳ್ಳಬೇಕು. ನಾನು ಮೌಲವಿಯಲ್ಲ. ಚಿಕ್ಕಂದಿನಲ್ಲಿ ಮದ್ರಸಕ್ಕೆ ಹೋಗಿ, ಆಮೇಲೆ ಒಂದಷ್ಟು ಓದಿಕೊಂಡ ಸಾಮಾನ್ಯ ಮುಸ್ಲಿಮ. ಆ ಮಟ್ಟಿಗೆ ಹೇಳುತ್ತೇನೆ.

ವರ್ಣನೆ ಘೋರವಾಗಿರುವುದು ನಿಜ. ಕುಡಿಯಲು ಕುದಿಯುವ ನೀರು, ಚರ್ಮ ಸುಟ್ಟುಹೋದಂತೆಲ್ಲ ಹೊಸ ಚರ್ಮ, ಏಳು ಬಾಗಿಲು, ಕಾವಲಿಗೆ 19 ಮಲಕ್‌ಗಳು (ದೇವದೂತರು). ಇದನ್ನೆಲ್ಲ ತೆಳುಮಾಡಿ ಹೇಳುವ ಆಸೆ ನನಗಿಲ್ಲ. ಆದರೆ ಬೆಂಕಿಯನ್ನು ನೋಡುವ ಭರದಲ್ಲಿ ಅದಕ್ಕೆ ಬೀಳುವವರು ಯಾರೆಂದು ಹೆಚ್ಚಿನವರು ನೋಡುವುದೇ ಇಲ್ಲ. 83ನೇ ಅಧ್ಯಾಯದ ಮೊದಲ ಮಾತೇ, ಕೊಳ್ಳುವಾಗ ಪೂರ್ತಿ ಅಳೆಸಿಕೊಂಡು ಕೊಡುವಾಗ ತೂಕ ಹೊಡೆಯುವವರಿಗೆ ವಿನಾಶ ಎಂದು. 104ನೇ ಅಧ್ಯಾಯದಲ್ಲಿ ಸಿಕ್ಕಿಬೀಳುವವನು ಜನರನ್ನು ಹೀನಾಯವಾಗಿ ಆಡಿಕೊಳ್ಳುವವನು, ದುಡ್ಡು ಕೂಡಿಟ್ಟು ಎಣಿಸುತ್ತಾ ಕೂರುವವನು. ಅನಾಥರ ಆಸ್ತಿ ನುಂಗುವವರು ಹೊಟ್ಟೆಗೆ ಬೆಂಕಿಯನ್ನೇ ತುಂಬಿಕೊಳ್ಳುತ್ತಿದ್ದಾರೆ ಎನ್ನುತ್ತದೆ 4ನೇ ಅಧ್ಯಾಯ. 74ರಲ್ಲಿ ನರಕದವರನ್ನು ‘ಇಲ್ಲಿಗೆ ಹೇಗೆ ಬಂದಿರಿ’ ಎಂದು ಕೇಳಿದಾಗ ಮೊದಲು ಬರುವ ಉತ್ತರ ಇದು: ನಾವು ನಮಾಝ್ ಮಾಡಲಿಲ್ಲ, ಬಡವರಿಗೆ ಉಣಿಸಲಿಲ್ಲ.

ಇಂಥ ಎಚ್ಚರಿಕೆಗಳನ್ನು ಮೊದಲು ಕೇಳಿಸಿಕೊಂಡವರು ಏಳನೇ ಶತಮಾನದ ಮಕ್ಕಾದ ಕುರೈಷ್ ಕುಲದ ವ್ಯಾಪಾರಿಗಳು. ಅಲ್ಲಿ ಪೊಲೀಸರಿಲ್ಲ, ಕೋರ್ಟಿಲ್ಲ. ನಿನ್ನ ಬೆನ್ನಿಗೆ ನಿನ್ನ ಕುಲ ನಿಂತರೆ ಮಾತ್ರ ನ್ಯಾಯ. ಹಿಂದೆಮುಂದೆ ಯಾರೂ ಇಲ್ಲದ ಗುಲಾಮನ, ತಬ್ಬಲಿ ಮಗುವಿನ ಪರವಾಗಿ ಕೇಳುವವರೇ ಇರಲಿಲ್ಲ. ಅಂಥ ಊರಿನಲ್ಲಿ ‘ಅಣುವಿನಷ್ಟು ಕೆಡುಕು ಮಾಡಿದರೂ ಅದನ್ನು ಕಾಣುವೆ’ ಎನ್ನುವ ಮಾತು ಉಳ್ಳವನಿಗೆ ಬೆದರಿಕೆಯಾಗಿ ಕೇಳಿಸಿದ್ದರೆ, ಕಳೆದುಕೊಂಡವನಿಗೆ ಆಸರೆಯಾಗಿಯೇ ಕೇಳಿಸಿರಬೇಕು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳಿರುವುದು ಸಹೀಹ್ ಮುಸ್ಲಿಮ್ ಎಂಬ ಸಂಗ್ರಹದ ಒಂದು ಹದೀಸ್‌ನಲ್ಲಿ, ಅಂದರೆ ಪ್ರವಾದಿಯವರ ನುಡಿ-ನಡೆಯ ವರದಿಯಲ್ಲಿ. ದಿವಾಳಿಯಾದವನು ಯಾರು ಗೊತ್ತೇ ಎಂದು ಪ್ರವಾದಿಯವರು ಕೇಳುತ್ತಾರೆ. ಕೈಯಲ್ಲಿ ಹಣವೂ ಸರಕೂ ಇಲ್ಲದವನು ಎನ್ನುತ್ತಾರೆ ಸಂಗಡಿಗರು. ಅಲ್ಲ, ಎನ್ನುತ್ತಾರೆ ಪ್ರವಾದಿ: ನನ್ನ ಸಮುದಾಯದ ದಿವಾಳಿಗಾರ ಅಂತಿಮ ದಿನ ನಮಾಝ್, ಉಪವಾಸ, ಝಕಾತ್ (ಕಡ್ಡಾಯ ದಾನ) ಎಲ್ಲವನ್ನೂ ಹೊತ್ತು ಬರುತ್ತಾನೆ. ಆದರೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬರ ಮೇಲೆ ಅಪವಾದ ಹೊರಿಸಿರುತ್ತಾನೆ, ಯಾರದೋ ಹಣ ತಿಂದಿರುತ್ತಾನೆ, ಯಾರಿಗೋ ಹೊಡೆದಿರುತ್ತಾನೆ. ಅವರೆಲ್ಲರಿಗೂ ಇವನ ಪುಣ್ಯವನ್ನೇ ಹಂಚಲಾಗುತ್ತದೆ. ಪುಣ್ಯ ಮುಗಿದ ಮೇಲೂ ಬಾಕಿ ಉಳಿದರೆ ಅವರ ಪಾಪಗಳನ್ನು ಇವನ ತಲೆಗೆ ಹಾಕಿ ನರಕಕ್ಕೆ ಎಸೆಯಲಾಗುತ್ತದೆ.

ಅಂದರೆ ಭಕ್ತಿಯನ್ನು ಲಂಚವಾಗಿ ಕೊಟ್ಟು ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಮುಚ್ಚಿಹಾಕಲು ಬರುವುದಿಲ್ಲ. ಉಲಮಾಗಳು (ಧರ್ಮವಿದ್ವಾಂಸರು) ಇದನ್ನು ಹಕ್ಕುಲ್ ಇಬಾದ್, ಮನುಷ್ಯರ ಹಕ್ಕು ಎನ್ನುತ್ತಾರೆ. ಅಲ್ಲಾಹನಿಗೆ ತಪ್ಪಿದ್ದಕ್ಕೆ ತೌಬಾ, ಅಂದರೆ ಪಶ್ಚಾತ್ತಾಪ, ಇದೆ; ಜನರಿಗೆ ತಪ್ಪಿದ್ದಕ್ಕೆ ತೌಬಾ ಮಾತ್ರ ಸಾಲದು, ತಿಂದದ್ದನ್ನು ಹಿಂದಿರುಗಿಸಬೇಕು ಅಥವಾ ಆ ಮನುಷ್ಯನೇ ಮನ್ನಿಸಬೇಕು. ನಮ್ಮ ಕಡೆ ಜನಾಝಾ ನಮಾಝಿಗೆ ಮುಂಚೆ ‘ತೀರಿಹೋದವರಿಂದ ಯಾರಿಗಾದರೂ ಸಾಲ ಬರಬೇಕಿದ್ದರೆ ತಿಳಿಸಿ’ ಎಂದು ಮನೆಯವರು ಹೇಳುವುದು ಇದಕ್ಕೇ. ಹಜ್‌ಗೆ ಹೊರಟವರು ಜಗಳ ಆಡಿದ್ದವರ ಮನೆಗೂ ಹೋಗಿ ಬರುವುದು ಇದಕ್ಕೇ. (ಕ್ಷಮೆ ಬೇಡುವ ಬರಾಅತ್ ರಾತ್ರಿಯಂದು ಇಡೀ ವಾಟ್ಸಾಪ್ ಗ್ರೂಪಿಗೆ ‘ಎಲ್ಲರೂ ಮಾಫ್ ಮಾಡಿ’ ಎಂದು ಫಾರ್ವರ್ಡ್ ಮಾಡುವುದು ಈ ಲೆಕ್ಕಕ್ಕೆ ಬರುತ್ತದೆಂದು ನನಗನಿಸುವುದಿಲ್ಲ.)

ಇನ್ನು ಭಯದ ಪ್ರಶ್ನೆ. ಇದು ಹೊಸದಲ್ಲ. ಎಂಟನೇ ಶತಮಾನದ ಬಸ್ರಾದ ಸಂತ ಮಹಿಳೆ ರಾಬಿಯಾ ಹೆಸರಿನಲ್ಲಿ ಒಂದು ಪ್ರಾರ್ಥನೆ ಪ್ರಸಿದ್ಧ: ನರಕಕ್ಕೆ ಹೆದರಿ ನಿನ್ನನ್ನು ಆರಾಧಿಸಿದ್ದರೆ ನನ್ನನ್ನು ಅಲ್ಲೇ ಸುಡು. ಅಷ್ಟು ಎತ್ತರದ ಮಾತು ನನ್ನಂಥವರಿಗಲ್ಲ. ಯಾರೂ ನೋಡದಿದ್ದಾಗ, ಸಿಕ್ಕಿಬೀಳುವುದಿಲ್ಲವೆಂದು ಖಾತ್ರಿಯಿದ್ದಾಗ ಕೈ ತಡೆಯಲು ಭಯವೂ ಬೇಕಾಗುತ್ತದೆ. ಬರೀ ಭಯ ಇದ್ದರೆ ಮನುಷ್ಯ ಮುರುಟಿಹೋಗುತ್ತಾನೆ ಎಂಬುದೂ ನಿಜ. ಅದಕ್ಕೇ ಉಲಮಾಗಳು ಭಯವನ್ನೂ ನಿರೀಕ್ಷೆಯನ್ನೂ ಜೊತೆಯಾಗಿಯೇ ಹೇಳುತ್ತಾರೆ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದವಳು ನರಕಕ್ಕೆ ಹೋದ ಹದೀಸ್ ಇದ್ದಂತೆ, ಬಾಯಾರಿದ ನಾಯಿಗೆ ಬಾವಿಯಿಂದ ನೀರು ಸೇದಿ ಕುಡಿಸಿದ ವೇಶ್ಯೆಗೆ ಕ್ಷಮೆ ಸಿಕ್ಕ ಹದೀಸೂ ಇದೆ. ಮಕ್ಕಳಿಗೆ ಮೊದಲನೆಯದನ್ನಷ್ಟೇ ಹೇಳಿ ನಿದ್ದೆ ಕೆಡಿಸುವವರ ಬಗ್ಗೆ ನನಗೆ ತಕರಾರಿದೆ.

ಕಷ್ಟದ ಜಾಗ ಶಾಶ್ವತ ಶಿಕ್ಷೆಯದು. ಈಮಾನ್ (ವಿಶ್ವಾಸ) ಇದ್ದು ಪಾಪ ಮಾಡಿದವರು ಕೊನೆಗೊಮ್ಮೆ ನರಕದಿಂದ ಹೊರಬರುತ್ತಾರೆ ಎಂಬುದು ಸುನ್ನಿಗಳ ನಂಬಿಕೆ. ಮಹಾಪಾಪಿ ತೌಬಾ ಮಾಡದೆ ಸತ್ತರೆ ಬಿಡುಗಡೆಯೇ ಇಲ್ಲ ಎಂದವರು ಮುಅ್ತಝಿಲಾ ಪಂಥದವರು. ಸತ್ಯನಿಷೇಧಿಗಳಿಗೆ ಅದು ಶಾಶ್ವತ ಎನ್ನುವುದು ಬಹುಮತದ ನಿಲುವು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಆದರೆ ಸತ್ಯನಿಷೇಧಿ ಯಾರು? 1111ರಲ್ಲಿ ತೀರಿಕೊಂಡ ಪ್ರಸಿದ್ಧ ಧರ್ಮವಿದ್ವಾಂಸ ಇಮಾಮ್ ಗಝಾಲಿ, ಇಸ್ಲಾಮಿನ ಸಂದೇಶ ತಲುಪದವರಿಗೂ ಅದು ತಿರುಚಿದ ರೂಪದಲ್ಲಿ ತಲುಪಿದವರಿಗೂ ವಿನಾಯಿತಿ ಇದೆ ಎಂದು ಬರೆದರು. ಸಂದೇಶವಾಹಕನನ್ನು ಕಳಿಸದೆ ಶಿಕ್ಷಿಸುವುದಿಲ್ಲ ಎಂದು ಕುರ್‌ಆನ್‌ನ 17ನೇ ಅಧ್ಯಾಯದಲ್ಲೇ ಇದೆ.

ನಿಮ್ಮ ಸಹೋದ್ಯೋಗಿ ಇದ್ಯಾವುದನ್ನೂ ವಿಚಾರಿಸದೆ ತೀರ್ಪು ಕೊಟ್ಟಿದ್ದಾರೆ. ಮುಂದಿನ ಸಲ ಸಿಕ್ಕಾಗ ಅವರಿಗೆ ಸಹೀಹ್ ಮುಸ್ಲಿಮ್‌ನದೇ ಇನ್ನೊಂದು ಹದೀಸ್ ಹೇಳಿ. ಒಬ್ಬಾತ ‘ಅಲ್ಲಾಹನಾಣೆ, ಇಂಥವನನ್ನು ಅವನು ಕ್ಷಮಿಸಲಾರ’ ಎಂದನಂತೆ. ನನ್ನ ಮೇಲೆ ಆಣೆಯಿಟ್ಟು ಹಾಗೆ ಹೇಳಲು ಇವನ್ಯಾರು ಎಂದು ಕೇಳಿದ ಅಲ್ಲಾಹನು, ಆ ಇನ್ನೊಬ್ಬನನ್ನು ಕ್ಷಮಿಸಿ, ಆಣೆಯಿಟ್ಟವನ ಕರ್ಮಗಳನ್ನೇ ವ್ಯರ್ಥಗೊಳಿಸಿದ.