ಚಿಕ್ಕಬಳ್ಳಾಪುರದ ಕಡೆ ಕ್ಷೀರಪಥ ನೋಡಲು ನಂದಿ ಬೆಟ್ಟ ಒಳ್ಳೆಯ ಜಾಗವೇ?

ಅಷ್ಟೇನೂ ಅಲ್ಲ. ಎತ್ತರಕ್ಕೆ ಹೋದರೆ ಧೂಳು ಕಡಿಮೆ, ಬೆಂಗಳೂರಿನ ಬೆಳಕೇನೂ ಕಡಿಮೆಯಾಗುವುದಿಲ್ಲ. ಊರು ಇರುವುದು ದಕ್ಷಿಣಕ್ಕೆ, ಮಧ್ಯೆ ದೇವನಹಳ್ಳಿ ವಿಮಾನ ನಿಲ್ದಾಣ ಬೇರೆ. ಕ್ಷೀರಪಥದ ದಟ್ಟ ಭಾಗ, ಅಂದರೆ ವೃಶ್ಚಿಕ, ಧನು ರಾಶಿಗಳ ಕಡೆಯದು, ಕಾಣುವುದೂ ದಕ್ಷಿಣದಲ್ಲೇ. ಬೇಕಾದ ಕಡೆಯೇ ಆಕಾಶ ಬೂದುಬೂದು! ಸಾಲದ್ದಕ್ಕೆ ರಾತ್ರಿ ಬೆಟ್ಟದ ಗೇಟ್ ಹಾಕಿರುತ್ತಾರೆ.

ಗುಡಿಬಂಡೆ, ಬಾಗೇಪಲ್ಲಿ ಕಡೆ ಹೋಗಿ. ಅಲ್ಲಿಂದ ನಗರದ ಬೆಳಕು ದಿಗಂತದ ಹತ್ತಿರವೇ ಉಳಿಯುತ್ತದೆ. (ಗೌರಿಬಿದನೂರಿನ ರೇಡಿಯೊ ದೂರದರ್ಶಕಕ್ಕೆ ಈ ತಾಪತ್ರಯವಿಲ್ಲ, ಅದು ನೋಡುವುದು ಬೆಳಕನ್ನಲ್ಲ.) ಮಾರ್ಚ್ ಅಮಾವಾಸ್ಯೆಯ ಆಸುಪಾಸು, ಬೆಳಗಿನ ಜಾವ 4ಕ್ಕೆ ಆಗ್ನೇಯದತ್ತ ನೋಡಿ. ಮಳೆಗಾಲದಲ್ಲಿ ಹೋದರೆ ಸುಮ್ನೆ ನಿದ್ದೆಗೇಡು. ಕಣ್ಣು ಕತ್ತಲಿಗೆ ಒಗ್ಗಲು 20–30 ನಿಮಿಷ ಬೇಕು, ಅಷ್ಟರಲ್ಲಿ ಮೊಬೈಲ್ ತೆಗೆದರೆ ಮತ್ತೆ ಮೊದಲಿಂದ ಕಾಯಬೇಕು.