ಅಪ್ಪನ ಕೋಪ ಮಗನಿಗೆ ರಕ್ತದಲ್ಲೇ ಬರುತ್ತಾ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಕೋಪ ಬಂದ್ರೆ ಕೈಗೆ ಸಿಕ್ಕಿದ್ದನ್ನ ಎಸೀತಾನೆ, ಅರ್ಧ ಗಂಟೆ ಆದ್ಮೇಲೆ ಪಕ್ಕದಲ್ಲಿ ಬಂದು ಕೂತ್ಕೊಂಡು ಅಳ್ತಾನೆ. ಅವರಪ್ಪನೂ ಹೀಗೇ, ನಮ್ಮ ಮಾವನೂ ಹೀಗೇ ಇದ್ರಂತೆ. ಮನೇಲಿ ಎಲ್ಲರೂ "ರಕ್ತದಲ್ಲೇ ಬಂದಿರೋದು, ಬಿಟ್ಬಿಡು" ಅಂತಾರೆ. ಸೈಕಾಲಜಿ ಓದ್ತಿರೋ ನನ್ನ ತಂಗಿ ಮಗಳೂ ನಡವಳಿಕೆಗೆಲ್ಲಾ ಜೀನು, ಮಿದುಳು, ಹಾರ್ಮೋನೇ ಕಾರಣ ಅಂದ್ಲು. ಹಾಗಾದ್ರೆ ನಾನು ತಿದ್ದೋಕೆ ಒದ್ದಾಡೋದ್ರಲ್ಲಿ ಅರ್ಥಾನೇ ಇಲ್ವಾ? ಮಿದುಳಿನ ಸ್ಕ್ಯಾನ್ ಮಾಡಿಸಿದ್ರೆ ಏನಾದ್ರೂ ಗೊತ್ತಾಗುತ್ತಾ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಮನೆಯವರ ಮಾತಲ್ಲಿ ಮೊದಲರ್ಧ ಸ್ವಲ್ಪ ನಿಜ, "ಬಿಟ್ಬಿಡು" ಅನ್ನೋದು ಪೂರ್ತಿ ತಪ್ಪು. ಬೇಗ ಸಿಟ್ಟಿಗೇಳೋ ಸ್ವಭಾವದಲ್ಲಿ ಜೀನುಗಳ ಪಾಲು ಖಂಡಿತ ಇದೆ. ಒಂದೇ ಭ್ರೂಣದಿಂದ ಆದ ಅವಳಿಗಳನ್ನೂ ಬೇರೆ ಬೇರೆ ಭ್ರೂಣದಿಂದ ಆದ ಅವಳಿಗಳನ್ನೂ ಹೋಲಿಸಿ ನೋಡಿದಾಗ ಮೊದಲನೆಯವರ ಸ್ವಭಾವ ಜಾಸ್ತಿ ಹೊಂದುತ್ತೆ, ಇದು ಮತ್ತೆ ಮತ್ತೆ ಕಂಡುಬಂದಿರೋ ವಿಷಯ. ಆದ್ರೆ ಕೋಪಕ್ಕೆ ಅಂತ ಒಂದೇ ಒಂದು ಜೀನು ಇಲ್ಲ, ಎಷ್ಟೋ ಜೀನುಗಳು ಒಂದೊಂದೂ ಚೂರು ಚೂರು ಕೆಲಸ ಮಾಡ್ತವೆ. ಇನ್ನೊಂದು ವಿಷಯ, ನಿಮ್ಮ ಮಗ ಅಪ್ಪನಿಂದ ಜೀನು ಮಾತ್ರ ಪಡೆದಿಲ್ಲ, 14 ವರ್ಷ ಅಪ್ಪ ಕೋಪ ಮಾಡ್ಕೊಳ್ಳೋದನ್ನ ನೋಡ್ತಾನೇ ಬೆಳೆದಿದ್ದಾನೆ, ಇದರಲ್ಲಿ ಯಾವುದು ಎಷ್ಟು ಅಂತ ಒಂದು ಮನೆ ಒಳಗೆ ನಿಂತು ನೋಡಿದ್ರೆ ಬಿಡಿಸಿ ಹೇಳೋಕಾಗಲ್ಲ.

ಇಲ್ಲದ ದನಿ ಕೇಳಿಸೋ, ಭ್ರಮೆ ಕಾಡೋ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆನೇ ತಗೊಳ್ಳಿ, ವಂಶವಾಹಿ ಪ್ರಭಾವ ತುಂಬಾ ಜೋರಾಗಿರೋ ಕಾಯಿಲೆ ಅದು. ಜೀನು ಪೂರ್ತಿ ಒಂದೇ ಇರೋ ಅವಳಿಗಳಲ್ಲಿ ಒಬ್ಬರಿಗೆ ಬಂದ್ರೆ ಇನ್ನೊಬ್ಬರಿಗೂ ಬರೋದು ಹೆಚ್ಚು ಅಂದ್ರೆ ಅರ್ಧದಷ್ಟು ಜೋಡಿಗಳಲ್ಲಿ, ಕೆಲವು ಅಧ್ಯಯನಗಳಲ್ಲಿ ಇನ್ನೂ ಕಮ್ಮಿ. ಜೀನೇ ಎಲ್ಲಾ ಆಗಿದ್ರೆ ನೂರಕ್ಕೆ ನೂರು ಬರಬೇಕಿತ್ತಲ್ವಾ?

ಹುಟ್ಟಿನಿಂದ ಬಂದಿದ್ದು ಬದಲಾಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನನಗೆ ಫೀನೈಲ್‌ಕೀಟೋನ್ಯೂರಿಯಾ ನೆನಪಾಗುತ್ತೆ. ಹೆಸರು ಕಷ್ಟ, ವಿಷಯ ಸುಲಭ. ಇದು ಶುದ್ಧ ಜೀನಿನ ದೋಷ, ಪ್ರೋಟೀನ್‌ನಲ್ಲಿರೋ ಫೀನೈಲಲನೀನ್ ಅನ್ನೋ ಅಂಶವನ್ನ ಒಡೆಯೋಕಾಗದೆ ಅದು ಮೈಯಲ್ಲಿ ಸೇರ್ತಾ ಹೋಗಿ ಮಗುವಿನ ಮಿದುಳನ್ನ ಹಾಳು ಮಾಡುತ್ತೆ, ಬುದ್ಧಿ ಬೆಳವಣಿಗೆ ನಿಂತೋಗುತ್ತೆ. ಆದ್ರೆ ಹುಟ್ಟಿದ ಕೆಲವೇ ದಿನದಲ್ಲಿ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪತ್ತೆ ಹಚ್ಚಿ, ಆ ಅಂಶ ಕಮ್ಮಿ ಇರೋ ಆಹಾರ ಕೊಡ್ತಾ ಬಂದ್ರೆ ಮಗು ಎಲ್ಲರ ಹಾಗೇ ಓದಿ ಬೆಳೆಯುತ್ತೆ. ಜೀನು ಇದ್ದ ಹಾಗೇ ಇದೆ, ಮಗುವಿನ ಬದುಕು ಮಾತ್ರ ಬೇರೆ.

ಮಿದುಳಿನ ವಿಷಯಕ್ಕೆ ಬಂದ್ರೆ, ನಿಮ್ಮ ತಂಗಿ ಮಗಳು ಫಿನಿಯಾಸ್ ಗೇಜ್ ಕಥೆ ಓದಿರ್ತಾಳೆ. 1848ರಲ್ಲಿ ಅಮೆರಿಕದಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ತಲೆ ಮೇಲಿಂದ ಹೊರಗೆ ಬಂತು, ಬದುಕಿಕೊಂಡ, ಆದ್ರೆ ಸೌಮ್ಯವಾಗಿದ್ದವನು ಮಾತುಮಾತಿಗೆ ರೇಗೋನಾದ. ಹಣೆಯ ಹಿಂದಿನ ಮಿದುಳು ನಮ್ಮ ಲಗಾಮು ಅಂತ ಹೇಳೋಕೆ ಎಲ್ಲರೂ ಇದನ್ನ ಹೇಳ್ತಾರೆ. ಆದ್ರೆ ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚು ಓಡಿಸ್ತಿದ್ದ, ದಿನಾ ಅದೇ ದಾರಿ, ಅದೇ ಹೊತ್ತು, ಪ್ರಯಾಣಿಕರ ಜೊತೆ ನಯವಾಗಿ ನಡ್ಕೋಬೇಕಾದ ಕೆಲಸ. ಅಷ್ಟು ಪೆಟ್ಟು ತಿಂದ ಮಿದುಳೂ ನಿಯಮದ ದಿನಚರಿ ಒಳಗೆ ಎಷ್ಟೋ ಸುಧಾರಿಸಿರಬೇಕು ಅಂತ ಅನೇಕ ಸಂಶೋಧಕರು ಹೇಳ್ತಾರೆ. ಈ ಭಾಗ ಯಾಕೋ ಪಾಠದಲ್ಲಿ ಬಿಟ್ಟೇ ಹೋಗುತ್ತೆ, ನನಗೆ ಬೇಜಾರಾಗೋದು ಅದೇ.

ನಿಮ್ಮ ಮಗನಿಗೆ ಪೆಟ್ಟೇನೂ ಬಿದ್ದಿಲ್ಲ, ಆ ಲಗಾಮು ಇನ್ನೂ ಬಿಗಿಯಾಗ್ತಾ ಇದೆ ಅಷ್ಟೇ, ಅದು ಪೂರ್ತಿ ಬಲಿಯೋದು 25ರ ಆಸುಪಾಸಿಗೆ. ಅರ್ಧ ಗಂಟೆ ಆದ್ಮೇಲೆ ಅಳ್ತಾ ಬರ್ತಾನಲ್ಲ, ಅವನಿಗೆ ತಪ್ಪು ಗೊತ್ತಾಗ್ತಿದೆ, ತಡವಾಗಿ ಗೊತ್ತಾಗ್ತಿದೆ. ಮಾತಾಡೋದಿದ್ರೆ ಆಗ ಮಾತಾಡಿ, ಎಸೆಯುವಾಗ ಅಲ್ಲ. ನಿದ್ದೆ ಸರಿಯಾಗಿ ಮಾಡ್ತಾನಾ ನೋಡಿ, ನಿದ್ದೆಗೆಟ್ಟರೆ ಲಗಾಮು ಇನ್ನೂ ಸಡಿಲ. ಕೋಪ ಅಳೆಯೋ ಸ್ಕ್ಯಾನ್ ಇಲ್ಲ, ಅದಕ್ಕೆ ದುಡ್ಡು ಹಾಕ್ಬೇಡಿ. ಒಂದ್ಸಲ ಡಾಕ್ಟರ್ ಹತ್ರ ಸಾಮಾನ್ಯ ತಪಾಸಣೆ ಮಾಡಿಸಿ, ಅಗತ್ಯ ಅನ್ಸಿದ್ರೆ ಥೈರಾಯ್ಡ್ ಪರೀಕ್ಷೆ ಅವರೇ ಹೇಳ್ತಾರೆ. ತನಗೋ ಇನ್ನೊಬ್ಬರಿಗೋ ಪೆಟ್ಟು ಮಾಡ್ಕೊಳ್ಳೋ ಹಂತಕ್ಕೆ ಹೋದ್ರೆ ಕಾಯಬೇಡಿ, ಮಕ್ಕಳ ಮಾನಸಿಕ ತಜ್ಞರನ್ನ ಕಾಣಿ. ಸಾಧ್ಯವಾದ್ರೆ ಅವರಪ್ಪನೂ ಜೊತೆಗೆ ಬರಲಿ.

ಪ್ರಶ್ನೆ: ನನಗೆ ಓಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು ಅದೇ ಕೆಲಸ ಮಾಡಿಸೋ ಕಾಯಿಲೆ) ಇದೆ, ಕೈ ತೊಳೆದಷ್ಟೂ ಸಾಲದು ಅನ್ಸುತ್ತೆ. ಮಾತ್ರೆ ತಗೋತಿದೀನಿ. ಇದು ಮಿದುಳಿನ ಕೆಮಿಕಲ್ ತೊಂದ್ರೆ ಅಂದ್ಮೇಲೆ ಥೆರಪಿ ಅಂತ ಬರೀ ಮಾತಾಡಿ ಏನು ಉಪಯೋಗ?

ಉತ್ತರ: ಮಾತು, ಅಭ್ಯಾಸ ಇವೂ ಮಿದುಳಿಗೇ ಹೋಗಿ ಮುಟ್ಟೋದು. 1992ರಲ್ಲಿ ಅಮೆರಿಕದ ಮನೋವೈದ್ಯ ಲೂಯಿಸ್ ಬ್ಯಾಕ್ಸ್‌ಟರ್ ಮತ್ತು ಜೊತೆಗಾರರು ಓಸಿಡಿ ಇರೋ ಕೆಲವರಿಗೆ ಮಾತ್ರೆ, ಕೆಲವರಿಗೆ ಬಿಹೇವಿಯರ್ ಥೆರಪಿ ಕೊಟ್ಟು ಮುಂಚೆ ಮತ್ತು ಆಮೇಲೆ ಮಿದುಳಿನ ಚಟುವಟಿಕೆ ತೋರಿಸೋ ಪೆಟ್ ಸ್ಕ್ಯಾನ್ ಮಾಡಿದ್ರು. ಯಾರಿಗೆ ಗುಣ ಕಂಡಿತೋ ಅವರಲ್ಲಿ, ಮಾತ್ರೆ ತಗೊಂಡವರಾಗ್ಲಿ ಥೆರಪಿ ಪಡೆದವರಾಗ್ಲಿ, ಮಿದುಳಿನ ಕಾಡೇಟ್ ಅನ್ನೋ ಒಂದೇ ಭಾಗದ ಅತಿಯಾದ ಚಟುವಟಿಕೆ ಇಳಿದಿತ್ತು. ಚಿಕ್ಕ ಅಧ್ಯಯನ, ಆದ್ರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಓಸಿಡಿಗೆ ಕೊಡೋ ಥೆರಪಿ ಬರೀ ಹರಟೆನೂ ಅಲ್ಲ, ಕೊಳೆ ಮುಟ್ಟಿ, ಕೈ ತೊಳೀದೆ, ಚಡಪಡಿಕೆ ತಾನಾಗೇ ಇಳಿಯೋವರೆಗೆ ಕೂರೋದನ್ನ ಸ್ವಲ್ಪ ಸ್ವಲ್ಪವಾಗಿ ಕಲಿಸ್ತಾರೆ, ಕಷ್ಟದ ಕೆಲಸ. ಡಾಕ್ಟರ್ ಹತ್ರ ಎರಡನ್ನೂ ಸೇರಿಸೋ ಬಗ್ಗೆ ಕೇಳಿ, ಮಾತ್ರೆ ಮಾತ್ರ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ.