ಎಂಜಿಬಿ ಕಾರಿನ ಹೀಟರ್ ನಾಬ್ ಬಿಗಿಯಾಗಿದ್ದರೆ ಎಣ್ಣೆ ಹಾಕಬಹುದೇ?

ಹಾಕಬಹುದು, ಆದರೆ ಮೊದಲು ಬಿಗಿ ಎಲ್ಲಿದೆ ಅಂತ ನೋಡಿ. ಜೋರಾಗಿ ತಿರುಗಿಸಬೇಡಿ, ಒಳಗಿನ ತಂತಿ ಮಡಚಿಕೊಳ್ಳುತ್ತದೆ.

1962ರಿಂದ 1980ರವರೆಗೆ ತಯಾರಾದ ಈ ಕಾರಿನಲ್ಲಿ ನಾಬ್‌ನಿಂದ ಹೊರಟ ಕೇಬಲ್ ಎಂಜಿನ್ ಮೇಲಿರುವ ಬಿಸಿನೀರಿನ ವಾಲ್ವ್ ತೆರೆಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವ್ ಕಡೆ ಕೇಬಲ್ ಬಿಚ್ಚಿ, ನಾಬ್ ತಿರುಗಿಸಿ. ಈಗ ಸಲೀಸಾದರೆ ದೋಷ ವಾಲ್ವಿನದು. ಅದು ಸೋರುತ್ತಿದ್ದರೆ ಸುಮ್ನೆ ಎಣ್ಣೆ ಸುರಿಯಬೇಡಿ, ಬದಲಾಯಿಸಿ. ಒಳಗಿನ ರಬ್ಬರಿಗೆ ಎಂಜಿನ್ ಆಯಿಲ್ ಒಳ್ಳೆಯದಲ್ಲ.

ಇನ್ನೂ ಬಿಗಿಯೇ? ಹಾಗಾದರೆ ನಾಬ್ ಅಥವಾ ಕೇಬಲ್. ಕೇಬಲ್ ತೆಗೆದು ನೇತುಹಾಕಿ, ಮೇಲಿನ ತುದಿಗೆ ತೆಳುವಾದ ಆಯಿಲ್ ಹನಿಹನಿಯಾಗಿ ಬಿಡಿ. ರಾತ್ರಿಯಿಡೀ ಇಳಿಯಲಿ. ದಪ್ಪ ಗ್ರೀಸ್ ಬೇಡ, ಚಳಿಗೆ ಗಟ್ಟಿಯಾಗುತ್ತದೆ. ಹೀಟರ್ ಬೇಕಾಗುವುದೇ ಚಳಿಯಲ್ಲಿ ಅಲ್ವಾ! ತಂತಿ ಮಡಚಿಕೊಂಡಿದ್ದರೆ ಹೊಸದೇ ಹಾಕಿ. ಜೋಡಿಸುವಾಗ ವಾಲ್ವ್ ಪೂರ್ತಿ ಮುಚ್ಚುವಂತೆ ನೋಡಿಕೊಳ್ಳಿ.